ಬೊಗಳದೆ ಕಾಯುವ ಪಾಠ

ಮತ್ರಾದ ಕಾರ್ನಿಶಿನ ಹಿಂದಣ ಓಣಿಯೊಂದರಲ್ಲಿ, ಮೂರನೆಯ ಮಹಡಿಯಲ್ಲಿ ನಮ್ಮ ವಾಸ. ಜೂನ್ ತಿಂಗಳಲ್ಲಿ ಇಲ್ಲಿನ ಕಲ್ಲುಹಾಸು ಹಗಲಿಡೀ ಕಾದು ನಾಯಿಯ ಅಂಗಾಲನ್ನು ಸುಡುತ್ತದೆ. ಆದುದರಿಂದ ಮಗ್ರಿಬ್ ಬಾಂಗಿನ ನಂತರ, ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿಯೇ ನಮ್ಮ ಕರಿಯನನ್ನು ಹೊರಗೆ ಕರೆದೊಯ್ಯುವುದು. ಅವನಾದರೋ ಐದು ಗಂಟೆಗೇ ಬಾಗಿಲ ಬಳಿ ನಿಂತು ಬೊಗಳತೊಡಗುತ್ತಿದ್ದ. ನೆರೆಯವರ ದೂರು ಮೂರನೆಯ ಬಾರಿ ಹೋದಾಗ ಮನೆಯ ಮಾಲೀಕರು ಒಂದು ತಿಂಗಳ ಗಡುವು ಕೊಟ್ಟರು: ಸದ್ದು ನಿಲ್ಲಬೇಕು, ಇಲ್ಲವೇ ನಾಯಿ ಹೋಗಬೇಕು.

ಕಾವಲಿನ ಬೊಗಳು, ಭಯದ ಬೊಗಳು ಬೇರೆ. ಇದು ಬೇಡಿಕೆಯ ಬೊಗಳು. ನಾಯಿ ನಮ್ಮ ಮುಖವನ್ನೇ ನೋಡುತ್ತ ಬೊಗಳಿ, ನಡುವೆ ನಿಲ್ಲಿಸಿ, ಫಲವುಂಟೇ ಎಂದು ಪರೀಕ್ಷಿಸುತ್ತದೆ. ಕರಿಯನಿಗೆ ಇದನ್ನು ಕಲಿಸಿದವನು ನಾನೇ. ನಾಲ್ಕು ದಿನ ಸಹಿಸಿ, ಐದನೆಯ ದಿನ ತಾಳಲಾರದೆ ಹಗ್ಗ ಕೈಗೆತ್ತಿಕೊಳ್ಳುತ್ತಿದ್ದೆ. ಅಮೆರಿಕದ ಮನೋವಿಜ್ಞಾನಿಗಳಾದ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಾರಿವಾಳಗಳ ಮೇಲಿನ ಪ್ರಯೋಗಗಳ ವಿವರವಿದೆ. ಪ್ರತಿಸಲ ಕಾಳು ದೊರೆತ ವರ್ತನೆಗಿಂತ ಆಗೊಮ್ಮೆ ಈಗೊಮ್ಮೆ ದೊರೆತದ್ದು, ಕಾಳು ನಿಂತ ಮೇಲೂ ಹೆಚ್ಚು ಕಾಲ ಉಳಿಯುತ್ತದೆ. ನನ್ನ ಅರೆಬರೆ ಸಹನೆ ಮಾಡಿದ್ದು ಇದನ್ನೇ. "ಸುಮ್ಮನಿರೋ" ಎಂಬ ಗದರಿಕೆಯೂ ಅವನ ಪಾಲಿಗೆ ಒಂದು ಉತ್ತರವೇ ಆಗಿತ್ತು.

ಹಾಗಾದರೆ ಕಿವುಡನಂತೆ ಕುಳಿತರೆ ಸಾಕೇ? ಫಲ ತಪ್ಪಿದಾಗ ಬೊಗಳು ಇಳಿಯುವ ಮುನ್ನ ಒಮ್ಮೆ ಜೋರಾಗುವುದುಂಟು. ಆ ಗಳಿಗೆಯಲ್ಲಿ ಸೋತರೆ, ಅಷ್ಟು ಜೋರಾಗಿ ಕೂಗಿದರೇ ಬಾಗಿಲು ತೆರೆಯುತ್ತದೆಂದು ಕಲಿಸಿದಂತಾಗುತ್ತದೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಅದನ್ನು ಸಹಿಸಿ ಕೂರುವುದೂ ಕಷ್ಟ.

ಆದುದರಿಂದ ಬೊಗಳು ಶುರುವಾಗುವ ಮೊದಲೇ, ನಾಲ್ಕೂವರೆಗೆ, ಪಾಠ ಆರಂಭಿಸಿದೆ. ಚಾಪೆಯ ಮೇಲೆ ಎರಡು ಸೆಕೆಂಡು ಮೌನವಾಗಿ ಮಲಗಿದರೆ ಬೇಯಿಸಿದ ಕೋಳಿಯ ಒಂದು ಚೂರು. ಮರುದಿನ ಐದು ಸೆಕೆಂಡಿಗೆ, ಬಳಿಕ ಹತ್ತಕ್ಕೆ, ವಾರ ಕಳೆದು ನಿಮಿಷಕ್ಕೆ. ತಪ್ಪಿದರೆ ಬೈಗುಳವಿಲ್ಲ, ಅವಧಿಯನ್ನು ಇಳಿಸುವುದಷ್ಟೆ. ಹಗ್ಗ ಹಿಡಿದಾಗ ಬೊಗಳಿದರೆ ಅದು ಮರಳಿ ಮೊಳೆಗೆ. ಸುಮ್ಮನಿದ್ದರೆ ನನ್ನ ಕೈ ಚಿಲಕದ ಕಡೆಗೆ. ಮೊದಲ ಸಂಜೆ ಹಗ್ಗ ಹನ್ನೊಂದು ಬಾರಿ ಮೊಳೆಗೇರಿತು. ಕೋಳಿಗಿಂತ ದೊಡ್ಡ ಬಹುಮಾನ ಆ ಬಾಗಿಲೇ ಎಂದು ನನಗೆ ತಿಳಿದದ್ದು ಅಂದು.

ಇದರ ಜೊತೆಗೆ ಮುಂಜಾನೆಯ ನಡಿಗೆಯನ್ನು ಹೆಚ್ಚಿಸಿದೆ. ಬಾಯಾರಿಕೆಯಿಂದಲೋ ಮೂತ್ರದ ಒತ್ತಡದಿಂದಲೋ ಕೂಗುವ ನಾಯಿಗೆ ತಾಳ್ಮೆ ಕಲಿಸುವುದು ಕ್ರೌರ್ಯ. ಹಿಂದೆ ಸುಮ್ಮನಿದ್ದ ನಾಯಿ ಹಠಾತ್ತನೆ ಕೂಗತೊಡಗಿದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು.

ಗಡುವು ಮುಗಿದ ದಿನ ಮಾಲೀಕರು ಬಂದು, ಚಾಪೆಯ ಮೇಲಿದ್ದವನನ್ನು ನೋಡಿ, ಏನೂ ಹೇಳದೆ ಹೋದರು. ಈಗ ಕರಿಯ ನಲವತ್ತು ನಿಮಿಷ ಕಾಯಬಲ್ಲ. ನೆಂಟರು ಬಂದು ಬೊಗಳಿದಾಗಲೇ ಬಿಸ್ಕತ್ತು ಕೊಟ್ಟರೆ ಮಾತ್ರ, ಮರುದಿನ ಮತ್ತೆ ಎರಡು ಸೆಕೆಂಡಿನಿಂದ ಶುರು.