ಸೆರೆಮನೆಯಲ್ಲಿ ಬಾಲಕರು: ಭಾರತದ ಬಾಲನ್ಯಾಯ ಶಾಸನಗಳ ಅವಲೋಕನ

ಅಪರಾಧವೆಸಗಿದ ಬಾಲಕರನ್ನು ಪ್ರೌಢ ಕೈದಿಗಳ ಸಹವಾಸದಿಂದ ದೂರವಿರಿಸಬೇಕೆಂಬ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. 1850ರ ಅಪ್ರೆಂಟಿಸ್ ಕಾಯಿದೆಯು 10ರಿಂದ 18 ವರ್ಷದೊಳಗಿನ ಅನಾಥರನ್ನೂ ಸಣ್ಣಪುಟ್ಟ ಅಪರಾಧಿಗಳನ್ನೂ ಕಸುಬು ಕಲಿಯಲು ಒಪ್ಪಿಸುವ ಏರ್ಪಾಡನ್ನು ಮಾಡಿತು. 1876 ಮತ್ತು 1897ರ ಶಾಸನಗಳು ಹುಡುಗರನ್ನು ಕಾರಾಗೃಹಕ್ಕೆ ಬದಲಾಗಿ ಸುಧಾರಣಾಶಾಲೆಗೆ ಕಳುಹಿಸಲು ಅವಕಾಶವಿತ್ತುವು. ಮುಂದೆ ಮದರಾಸು (1920), ಬಂಗಾಳ (1922), ಮುಂಬಯಿ (1924) ಪ್ರಾಂತಗಳು ಪ್ರತ್ಯೇಕ ಮಕ್ಕಳ ಕಾಯಿದೆಗಳನ್ನು ರಚಿಸಿದುವು. ಏಕೀಕರಣಾನಂತರದ ಮೈಸೂರು ರಾಜ್ಯವು 1964ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿತು.

ಇಷ್ಟು ಶಾಸನಗಳಿದ್ದೂ ಮಕ್ಕಳು ಸೆರೆಮನೆಯಲ್ಲಿಯೇ ಉಳಿದುದೇಕೆ? ಪತ್ರಕರ್ತೆ ಶೀಲಾ ಬರ್ಸೆಯವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ನೀಡಿದ ಆದೇಶವು ಇದಕ್ಕೆ ಉತ್ತರವನ್ನು ಸೂಚಿಸುತ್ತದೆ. ಕೆಲವು ರಾಜ್ಯಗಳಲ್ಲಿ ಅಂಗೀಕೃತವಾದ ಕಾಯಿದೆಯೇ ಜಾರಿಗೆ ಬಂದಿರಲಿಲ್ಲ. ಮಕ್ಕಳನ್ನಿರಿಸಲು ತಕ್ಕ ಗೃಹಗಳ ಕೊರತೆಯೂ ಇದ್ದಿತು. ಸ್ಥಳವಿಲ್ಲದಿದ್ದರೆ ಮಗುವನ್ನು ಜಾಮೀನಿನ ಮೇಲೆ ಬಿಡಬೇಕೇ ಹೊರತು ಸೆರೆಗೆ ತಳ್ಳಬಾರದೆಂದು ನ್ಯಾಯಾಲಯವು ವಿಧಿಸಿತು. ಮೊದಲ ಕಾಯಿದೆಯಿಂದ ಈ ಆದೇಶಕ್ಕೆ 136 ವರ್ಷಗಳ ಅಂತರವಿರುವುದನ್ನು ನಾವು ಗಮನಿಸಬೇಕು.

ಅದೇ ವರ್ಷ ಸಂಸತ್ತು ಬಾಲನ್ಯಾಯ ಕಾಯಿದೆಯನ್ನು ಅಂಗೀಕರಿಸಿ, ರಾಜ್ಯರಾಜ್ಯಗಳ ಭಿನ್ನ ಕಾಯಿದೆಗಳ ಸ್ಥಾನದಲ್ಲಿ ಏಕರೂಪತೆಯನ್ನು ತಂದಿತು. ಹುಡುಗರಿಗೆ 16, ಹುಡುಗಿಯರಿಗೆ 18 ಎಂದಿದ್ದ ವಯೋಮಿತಿಯನ್ನು 2000ದ ಕಾಯಿದೆಯು ಎಲ್ಲರಿಗೂ 18ಕ್ಕೆ ಏರಿಸಿತು. 2012ರ ದೆಹಲಿಯ ಘೋರ ಪ್ರಕರಣದ ತರುವಾಯ ಬಂದ 2015ರ ಕಾಯಿದೆಯಾದರೋ, 16ರಿಂದ 18 ವರ್ಷದೊಳಗಿನವರು ಅತಿ ಘೋರ ಅಪರಾಧವೆಸಗಿದಲ್ಲಿ, ಪ್ರಾಥಮಿಕ ಪರಿಶೀಲನೆಯ ಬಳಿಕ, ಅವರನ್ನು ಪ್ರೌಢರಂತೆ ವಿಚಾರಿಸಲು ಅವಕಾಶ ನೀಡಿತು.

ಹೀಗೆ ಸಾರ್ವಜನಿಕ ಚರ್ಚೆಯು ವಯಸ್ಸಿನ ಗೆರೆಯ ಸುತ್ತಲೇ ಸುತ್ತುತ್ತದೆ. ಆ ಚರ್ಚೆ ಅನಾವಶ್ಯಕವೆಂದು ನಾವು ಹೇಳುವುದಿಲ್ಲ. ಆದರೆ ಇತಿಹಾಸವು ಬೆರಳಿಟ್ಟು ತೋರಿಸುವ ಲೋಪ ಬೇರೆಯದು: ಗೆರೆಯನ್ನು ಎಲ್ಲಿ ಎಳೆದರೂ, ಬಂಧನದ ಮೊದಲ ರಾತ್ರಿ ಮಗುವನ್ನು ಎಲ್ಲಿರಿಸುವುದೆಂಬ ಪ್ರಶ್ನೆ ಉಳಿದೇ ಇರುತ್ತದೆ. ಯಾವ ಸಂದರ್ಭದಲ್ಲಿಯೂ ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಕೂಡದೆಂದೂ, ಬಾಲನ್ಯಾಯ ಮಂಡಲಿಯು ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ವಿಚಾರಣೆಯನ್ನು ಮುಗಿಸಬೇಕೆಂದೂ 2015ರ ಕಾಯಿದೆಯೇ ವಿಧಿಸಿದೆ. ಈ ವಿಧಿಗಳನ್ನು ಪಾಲಿಸಲು ವೀಕ್ಷಣಾಲಯ ಬೇಕು, ಮಗುವಿನ ಮನೆಮಠಗಳನ್ನು ವಿಚಾರಿಸಿ ವರದಿ ಸಲ್ಲಿಸುವ ಪ್ರೊಬೇಷನ್ ಅಧಿಕಾರಿ ಬೇಕು, ತಪ್ಪದೆ ಸೇರುವ ಮಂಡಲಿ ಬೇಕು. ಇವನ್ನೊದಗಿಸುವುದು ಆಯವ್ಯಯದ ಮತ್ತು ಆಡಳಿತದ ಹೊಣೆ. ಆದುದರಿಂದ ಬಾಲನ್ಯಾಯದ ಪ್ರಗತಿಯನ್ನು ಶಾಸನಗಳ ಸಂಖ್ಯೆಯಿಂದ ಅಳೆಯದೆ, ಸೆರೆಮನೆಯಿಂದ ಹೊರಗುಳಿದ ಮಕ್ಕಳಿಂದ ಅಳೆಯುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.