ಕರಡಿಯ ಭಯ, ಬಂದೂಕಿನ ಭಯ

ವಿಜಯಪುರದ ಕೋಟೆಯ ಪಡುವಣ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿದೆ. 1549ರಲ್ಲಿ ಎರಕ ಹೊಯ್ದ ಈ ತೋಪನ್ನು ಕಂಡು ಬೆರಗಾಗದವರು ವಿರಳ. ಆದರೆ ನಾನಿಂದು ಹೇಳಹೊರಟಿರುವುದು ಅರಸರ ತೋಪಿನ ಮಾತಲ್ಲ. ಕರಡಿ ಹಂದಿಗಳ ಭಯಕ್ಕೆ ಅಡವಿಯಂಚಿನ ಬಡವನು ಹೆಗಲಿಗೇರಿಸಿದ ಬಂದೂಕಿನ ಮಾತು.

ತಿಕೋಟಾ, ಬಬಲೇಶ್ವರಗಳ ಎರೆಯ ಬಯಲಿನಲ್ಲಿ ಕರಡಿಗೆ ನೆಲೆಯಿಲ್ಲ. ಅದರ ನೆಲೆ ಗುಡ್ಡಗವಿಗಳು. ಹಂಪೆಯ ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗೆಂದೇ ಧಾಮವಾಯಿತು. ಬಂದೂಕಿನ ಕಥೆಯಾದರೋ ನಮಗೆ ಹತ್ತಿರದ್ದೇ. ಬಬಲೇಶ್ವರದ ದಾರಿ ಹಿಡಿದು ಕೃಷ್ಣೆಯನ್ನು ದಾಟಿದರೆ ಮುಧೋಳದ ಸೀಮೆ. ಹಲಗಲಿ ಅಲ್ಲಿಯ ಊರು.

1857ರಲ್ಲಿ ಸಿಪಾಯಿಗಳ ದಂಗೆಯಿಂದ ಬೆದರಿದ ಕಂಪನಿ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಬೇಟೆಯೇ ಕುಲವೃತ್ತಿಯಾಗಿದ್ದ ಹಲಗಲಿಯ ಬೇಡರು ಹತಾರ ಒಪ್ಪಿಸಲಾರೆವೆಂದರು. ಆ ವರ್ಷದ ನವೆಂಬರಿನಲ್ಲಿ ದಂಡು ಬಂದಿತು; ಊರು ಉರಿಯಿತು; ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಜನ ಇದನ್ನು ಲಾವಣಿ ಕಟ್ಟಿ ಹಾಡಿದರು, ಜೆ. ಎಫ್. ಫ್ಲೀಟರು ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು.

ಇಲ್ಲಿ ಎರಡು ಭಯಗಳುಂಟು. ಮೃಗಕ್ಕೆ ಮನುಷ್ಯ ಅಂಜುವುದೊಂದು. ಬಂದೂಕು ಹಿಡಿದ ಮನುಷ್ಯನಿಗೆ ಸರಕಾರ ಅಂಜುವುದಿನ್ನೊಂದು. ಕಂಪನಿಯ ಕಾಯಿದೆ ಎರಡನೆಯದನ್ನು ಮಾತ್ರ ಎಣಿಸಿತು. ನಿದರ್ಶನ ಬೇಕೆ? ಅದೇ ಕಾಯಿದೆಯಿಂದ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ದೊರೆಯಿತು. ಕಾರಣ ಅವರ ರಾಜನಿಷ್ಠೆ, ಅಲ್ಲಿಯ ಕಾಡುಮೃಗಗಳಲ್ಲ.

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯು ಮೊದಲನೆಯ ಭಯಕ್ಕೂ ಕಿವಿಗೊಟ್ಟಿತು: ಆತ್ಮರಕ್ಷಣೆಗೆ ಬಂದೂಕು, ಬೆಳೆಗಾವಲಿಗೆ ಬಾಯಿಂದ ಮದ್ದು ತುಂಬುವ ಬಂದೂಕು ಹೊಂದಲು ಪರವಾನಗಿಯ ಅವಕಾಶ ಕಲ್ಪಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕರಡಿಯ ಬೇಟೆ ಅಪರಾಧ. ಆದರೆ ತನ್ನ ಅಥವಾ ಪರರ ಪ್ರಾಣ ಉಳಿಸಲು ಸದುದ್ದೇಶದಿಂದ ಅದನ್ನು ಕೊಂದರೆ ಅಪರಾಧವಲ್ಲ.

ಈ ಕಾಯಿದೆ ನಮಗೆ ಮೂರನೆಯದೊಂದು ಭಯವನ್ನು ನೆನಪಿಸುತ್ತದೆ. ಅದು ಕರಡಿಯದೇ ಭಯ. ಗೆದ್ದಲು, ಹಣ್ಣು ತಿಂದು ಬದುಕುವ, ಕಣ್ಣು ಮಂದವಾದ ಈ ಜೀವಿ ಮನುಷ್ಯ ಹಠಾತ್ತನೆ ಎದುರಾದಾಗ ಹೆದರಿಯೇ ಮೇಲೆ ಬೀಳುವುದು ಹೆಚ್ಚು. ಆ ಗಳಿಗೆಯಲ್ಲಿ ಬಂದೂಕು ಎತ್ತಿ ಗುರಿಯಿಡಲು ವ್ಯವಧಾನವೆಲ್ಲಿ? ನಾಲ್ಕು ಜನ ಕೂಡಿ, ಗಟ್ಟಿಯಾಗಿ ಮಾತಾಡುತ್ತ ನಡೆದರೆ ಕರಡಿಯೇ ದಾರಿ ಬಿಟ್ಟೀತು.

ಹಾಗೆಂದು ಬಂದೂಕು ಕೇಳುವವನನ್ನು ನಾವು ಹಗುರಾಗಿ ಕಾಣಬಾರದು. ಅವನ ಭಯ ಏನೆಂದು ಕೇಳದೆಯೇ ಕೈಯೊಳಗಿನದನ್ನು ಕಸಿದುಕೊಂಡರೆ ಏನಾಗುವುದೆಂಬುದನ್ನು ಹಲಗಲಿಯ ಬೂದಿ ಹೇಳಿದೆ. ಮೊದಲು ಕೇಳೋಣ; ಕಾಯಿದೆಯ ಮಾತು ಆಮೇಲೆ.