ಅಕ್ಷರ ಕೂಡಿಬಂದ ಮೇಲೆ

ಬಸ್ಸಿನ ಕಿಟಕಿಯಲ್ಲಿ ಕುಳಿತು, ದಾರಿಯ ಅಂಗಡಿ ಹಲಗೆಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಹೋಗುವ ಕಾಲವೊಂದು ಮಕ್ಕಳಿಗೆ ಬರುತ್ತದೆ. ನಿಮ್ಮ ಮನೆಯಲ್ಲಿಯೂ ಅದು ಬಂದಿರಬಹುದು. ಕಾಗುಣಿತ ಕೈವಶವಾಗಿದೆ, ಒತ್ತಕ್ಷರದ ಅಂಜಿಕೆ ಹೋಗಿದೆ. ಏಳೆಂಟು ವರ್ಷದ ಹುಡುಗಿ ಪೊಟ್ಟಣ ಕಟ್ಟಿ ಬಂದ ಪತ್ರಿಕೆಯ ಚೂರನ್ನೂ ಓದದೆ ಬಿಡುವುದಿಲ್ಲ. ತಂದೆಗೆ ಹಿಗ್ಗು. ಆ ಹಿಗ್ಗಿನಲ್ಲಿಯೇ ಅವರು ಪೇಟೆಗೆ ಹೋಗಿ ಮುನ್ನೂರು ಪುಟದ ಮಹಾಭಾರತವೊಂದನ್ನು ತಂದು ಮಗಳ ಕೈಗಿಡುತ್ತಾರೆ. ಹುಡುಗಿ ಮೂರು ಪುಟ ಓದಿ, ನಾಲ್ಕನೆಯ ಪುಟದಲ್ಲಿ ನವಿಲುಗರಿ ಇಟ್ಟು, ಪುಸ್ತಕವನ್ನು ಗೋಡೆಯ ಗೂಡಿಗೆ ಸೇರಿಸುತ್ತಾಳೆ. ನವಿಲುಗರಿ ಮರಿ ಹಾಕುವುದೋ ಇಲ್ಲವೋ, ಪುಸ್ತಕವಂತೂ ಮತ್ತೆ ಕೆಳಗಿಳಿಯುವುದಿಲ್ಲ.

ಓದು ಬಾರದ ಮಗುವಿನ ವಿಷಯದಲ್ಲಿ ನಾವು ಬೇಕಾದಷ್ಟು ಚಿಂತೆ ಮಾಡಿದ್ದೇವೆ. ಓದು ಬಂದ ಮಗುವನ್ನು ಹೀಗೆ ಕೈಬಿಡುವುದರ ವಿಷಯದಲ್ಲಿ ಚಿಂತೆ ಮಾಡಿದ್ದು ಕಡಮೆ. ಆ ವಯಸ್ಸಿಗೆ ಬೇಕಾದದ್ದು ಪಾಠದ ಪುಸ್ತಕಕ್ಕಿಂತ ದೊಡ್ಡದೂ ದೊಡ್ಡವರ ಕಾದಂಬರಿಗಿಂತ ಚಿಕ್ಕದೂ ಆದ, ಸಣ್ಣ ಸಣ್ಣ ಅಧ್ಯಾಯಗಳ ಒಂದು ಕಥೆ. ಅಂಥ ಪುಸ್ತಕವು ತಾನಾಗಿ ಹುಟ್ಟಿದ್ದಲ್ಲ. ಅದು ಹೇಗೆ ಬಂತೆಂಬುದನ್ನು ತಿಳಿದುಕೊಂಡರೆ, ಅಂಗಡಿಯ ಮುಂದೆ ನಿಂತಾಗ ನಿಮಗೆ ಸ್ವಲ್ಪ ಧೈರ್ಯ ಬಂದೀತು.

ಮಕ್ಕಳ ಸಂತೋಷಕ್ಕೆಂದೇ ಪುಸ್ತಕ ಮಾಡಿ ಮಾರಬಹುದೆಂದು ಲಂಡನ್ನಿನ ಜಾನ್ ನ್ಯೂಬೆರಿ 1744ರಲ್ಲಿ ತೋರಿಸಿಕೊಟ್ಟ. ಪುಸ್ತಕದ ಜೊತೆಗೆ ಹುಡುಗರಿಗೊಂದು ಚೆಂಡು, ಹುಡುಗಿಯರಿಗೊಂದು ಗುಂಡುಸೂಜಿಯ ದಿಂಬು. ವ್ಯಾಪಾರದ ಬುದ್ಧಿ ಅಂದಿಗೂ ಇಂದಿಗೂ ಒಂದೇ! ಆದರೆ ಅಧ್ಯಾಯದ ರುಚಿಯನ್ನು ಮಕ್ಕಳಿಗೆ ಹತ್ತಿಸಿದ ಕೀರ್ತಿ ಬಹುಪಾಲು ಪತ್ರಿಕೆಗಳಿಗೆ ಸಲ್ಲಬೇಕು. 1881ರ ಜುಲೈಯಲ್ಲಿ ರೋಮಿನ ಮಕ್ಕಳ ಪತ್ರಿಕೆಯೊಂದರಲ್ಲಿ ಕಾರ್ಲೊ ಕೊಲ್ಲೋದಿ ಎಂಬಾತ ಮರದ ಬೊಂಬೆಯೊಂದರ ಕಥೆಯನ್ನು ಕಂತುಕಂತಾಗಿ ಬರೆಯತೊಡಗಿದ. 15ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವನಿಗೆ ಸಾಕೆನಿಸಿರಬೇಕು. ಬೊಂಬೆಯನ್ನು ಮರಕ್ಕೆ ನೇಣುಹಾಕಿಸಿ ಕಥೆಯನ್ನು ಮುಗಿಸಿಯೇಬಿಟ್ಟ. ಓದುತ್ತಿದ್ದ ಮಕ್ಕಳು ಒಪ್ಪಬೇಕಲ್ಲ! ಬೊಂಬೆ ಸಾಯಕೂಡದೆಂದು ಅವರು ಹಟ ಹಿಡಿದರು. 1882ರ ಫೆಬ್ರುವರಿಯಲ್ಲಿ ಪಿನೋಕಿಯೋ ಮತ್ತೆ ಉಸಿರಾಡಿದ. 1883ರ ಜನವರಿಯಲ್ಲಿ 36ನೆಯ ಅಧ್ಯಾಯಕ್ಕೆ ಅವನ ಕಥೆ ಪೂರ್ತಿಯಾಯಿತು. ಸ್ಟೀವನ್ಸನ್ನನ 'ಟ್ರೆಷರ್ ಐಲೆಂಡ್' ಕೂಡ ಅದೇ 1881ರಲ್ಲಿ ಇಂಗ್ಲೆಂಡಿನ ಮಕ್ಕಳ ಪತ್ರಿಕೆಯಲ್ಲಿ ಕಂತಾಗಿ ಹೊರಟದ್ದು.

ದೊಡ್ಡವರಿಗೆ ಅಧ್ಯಾಯವೆಂದರೆ ಪುಸ್ತಕದ ಒಂದು ಭಾಗ, ಅಷ್ಟೆ. ಹೊಸದಾಗಿ ಓದುವವರಿಗೆ ಅದು ದಾರಿಯ ಅರವಟ್ಟಿಗೆಯಿದ್ದಂತೆ. ಅಲ್ಲಿ ನೆರಳುಂಟು, ನೀರುಂಟು, ಇಷ್ಟು ದೂರ ನಡೆದೆನೆಂಬ ಹೆಮ್ಮೆಯೂ ಉಂಟು. ಮುಂದಿನ ತಿರುವಿನಲ್ಲಿ ಏನಿದೆಯೋ ಎಂಬ ಕುತೂಹಲ ಬೇರೆ. ಅರವಟ್ಟಿಗೆಗಳ ನಡುವಣ ದೂರ ಹೆಚ್ಚಾದರೆ ಎಳೆಯ ಕಾಲು ಸೋಲುತ್ತದೆ.

ಓದಲು ಆಗತಾನೆ ಕಲಿತವರಿಗೆಂದೇ ಪುಸ್ತಕ ಬೇಕೆಂಬ ಕೂಗು ಬಲವಾಗಿ ಎದ್ದದ್ದು 1950ರ ದಶಕದ ಅಮೆರಿಕದಲ್ಲಿ. ಶಾಲೆಯ ಬಾಲಪಾಠಗಳು ಸಪ್ಪೆಯಾಗಿವೆ, ಮಕ್ಕಳು ಓದನ್ನು ಬಿಡುತ್ತಿರುವುದು ಅದಕ್ಕೇ ಎಂದು ಲೇಖಕ ಜಾನ್ ಹರ್ಸಿ 1954ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬರೆದ. ನನಗೀಗ ಓದಲು ಬರುತ್ತದೆ, ನನ್ನ ಪುಸ್ತಕಗಳೆಲ್ಲಿವೆ ಎಂದು ಬಾಸ್ಟನ್ನಿನ ಗ್ರಂಥಾಲಯಕ್ಕೆ ಓಡಿಬಂದು ಕೇಳಿದ ಹುಡುಗನೊಬ್ಬನ ಕಥೆಯನ್ನೂ ಹೇಳುವುದುಂಟು. ಇದರ ಫಲವಾಗಿ 1957ರಲ್ಲಿ ಎರಡು ಪುಸ್ತಕಗಳು ಬಂದವು. ಡಾಕ್ಟರ್ ಸೂಸ್ ಬರೆದ 'ದಿ ಕ್ಯಾಟ್ ಇನ್ ದಿ ಹ್ಯಾಟ್' ಒಂದು. ಅದರಲ್ಲಿ ಬಳಕೆಯಾದ ಬೇರೆ ಬೇರೆ ಶಬ್ದಗಳು 236 ಮಾತ್ರ. ಇನ್ನೊಂದು, ಶಾಲೆಯ ಉಪಾಧ್ಯಾಯಿನಿಯಾಗಿದ್ದ ಎಲ್ಸ್ ಮಿನಾರಿಕ್ ಬರೆದ 'ಲಿಟಲ್ ಬೇರ್'. ಒಂದು ಕರಡಿಮರಿ, ಅದರ ತಾಯಿ, ನಾಲ್ಕು ಪುಟ್ಟ ಕಥೆಗಳು, ಮಾರಿಸ್ ಸೆಂಡಾಕನ ಚಿತ್ರಗಳು. ಅಧ್ಯಾಯವಿರುವ ಪುಸ್ತಕವನ್ನು ತಾನೇ ಓದಿ ಮುಗಿಸಿದೆನೆಂದು ಆರು ವರ್ಷದ ಮಗುವೂ ಹೇಳಿಕೊಳ್ಳುವಂತಾಯಿತು.

ಈ ಎರಡರಲ್ಲಿ ಕನ್ನಡದ ತಾಯಿತಂದೆಗಳಿಗೆ ಪಾಠ ಕಲಿಸಬಲ್ಲದ್ದು ಎರಡನೆಯದು. ಇಂಗ್ಲಿಷಿನ ಮಗುವಿಗೆ ತೊಡಕು ಶಬ್ದದ ಬರವಣಿಗೆಯಲ್ಲಿದೆ, ಬರೆಯುವುದೊಂದು, ಹೇಳುವುದಿನ್ನೊಂದು. ಆದ್ದರಿಂದ ಶಬ್ದಗಳನ್ನು ಎಣಿಸಿ ಕೊಡಬೇಕಾಯಿತು. ನಮ್ಮ ಮಗು ಕಾಗುಣಿತವನ್ನೂ ಒತ್ತನ್ನೂ ದಾಟಿತೆಂದರೆ ಎದುರಿಗೆ ಬಂದ ಯಾವ ಶಬ್ದವನ್ನಾದರೂ ಉಚ್ಚರಿಸೀತು. ಅದು ಎಡವುವುದು ಮುಂದೆ. 'ಕುಳಿತುಕೊಂಡಿದ್ದನಂತೆ' ಎಂಬಂಥ ಉದ್ದನೆಯ ಪದವು ಕಿವಿಗೆ ಸಲೀಸು, ಕಣ್ಣಿಗೆ ಭಾರ. ಅದಕ್ಕಿಂತ ಹೆಚ್ಚಿನ ತೊಡಕು ಪುಸ್ತಕದ ಕನ್ನಡಕ್ಕೂ ಮನೆಯ ಮಾತಿಗೂ ನಡುವೆ ಇರುವ ಕಂದಕ. 'ಕಾಡಿಗೆ ಹೋದ' ಎಂದು ಅಜ್ಜಿ ಹೇಳುವ ಕಡೆ ಪುಸ್ತಕವು 'ಅರಣ್ಯವನ್ನು ಪ್ರವೇಶಿಸಿದನು' ಎನ್ನುತ್ತದೆ. ಧಾರವಾಡದ ಮಗುವಿಗೆ ಒಂದು ಬಗೆ, ಚಾಮರಾಜನಗರದ ಮಗುವಿಗೆ ಇನ್ನೊಂದು ಬಗೆ. ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಆಡುವ ಮಗುವಿನ ಪಾಡಂತೂ ಹೇಳಬೇಕಾಗಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವರು ಪಂಜೆ ಮಂಗೇಶರಾಯರು (1874–1937). ಅವರ ಮನೆಮಾತು ಕೊಂಕಣಿ, ಬಂಟವಾಳದ ಬೀದಿಯ ಮಾತು ತುಳು, ಕಲಿಸಿದ ಭಾಷೆ ಕನ್ನಡ. ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಯಾಗಿ ದಕ್ಷಿಣ ಕನ್ನಡದ ಶಾಲೆಗಳನ್ನು ಸುತ್ತಿದವರು. ಬೆಂಚಿನ ಮೇಲೆ ಕುಳಿತ ಮಗುವಿನ ಮುಖವನ್ನು ನೋಡಿ ಬಲ್ಲವರು. ಮಂಗಳೂರಿನಲ್ಲಿ 1921ರಲ್ಲಿ ಗೆಳೆಯರೊಡನೆ ಅವರು ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಅವರ ಹಾಡುಗಳನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಹೆಚ್ಚಾಗಿ ಕಾಣುವುದು ಅವರ ಗದ್ಯ. ತುಳುವಿನ ಪಾಡ್ದನದ ಅವಳಿ ವೀರರನ್ನು 'ಕೋಟಿ ಚೆನ್ನಯ'ದಲ್ಲಿ ಅವರು ಕನ್ನಡಕ್ಕೆ ತಂದಾಗ, ಹಾಡು ಮತ್ತು ಗಿಡ್ಡ ಕಥೆಗಳನ್ನು ದಾಟಿದ ಹುಡುಗನಿಗೆ ನೀಳವಾದ ಕಥೆಯೊಂದು, ಅದೂ ನೆರೆಹೊರೆಯ ನೆಲದ್ದು, ದೊರೆಯಿತು.

ಕುವೆಂಪು ಅವರು ಬೇರೊಂದು ದಾರಿ ಹಿಡಿದರು. ಬ್ರೌನಿಂಗ್ ಕವಿ, ಕಾಯಿಲೆಯಿಂದ ಮಲಗಿದ್ದ ಗೆಳೆಯನ ಮಗನಿಗೆಂದು ಬರೆದು 1842ರಲ್ಲಿ ಅಚ್ಚುಹಾಕಿಸಿದ ಇಲಿಗಳ ಕಥೆಯ ಪದ್ಯವು ಅವರ ಕೈಯಲ್ಲಿ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಾಯಿತು. ಜರ್ಮನಿಯ ಪಟ್ಟಣವು ತುಂಗೆಯ ದಡಕ್ಕೆ ಬಂದಿತು. ಅದರಲ್ಲಿ ಕಥೆ ಉದ್ದ, ಸಾಲು ಗಿಡ್ಡ. ಒಂದೊಂದು ಸಾಲಿಗೂ ಉಸಿರು ತೆಗೆದುಕೊಳ್ಳಲು ಜಾಗವಿರುವುದರಿಂದ, ಗದ್ಯದಲ್ಲಿ ಎರಡು ಪುಟಕ್ಕೆ ದಣಿಯುವ ಮಗು ಇದನ್ನು ಕೊನೆಯವರೆಗೂ ಓದಿಬಿಡುತ್ತದೆ. ಕಥೆಯೇ ರುಚಿಸದ ಮಕ್ಕಳೂ ಇದ್ದಾರೆ. ಅವರಿಗೆ ಜೇಡ ಬಲೆ ನೇಯುವುದು ಹೇಗೆಂದು ತಿಳಿಯಬೇಕು, ರಾಜಕುಮಾರಿಯ ಗೊಡವೆ ಬೇಡ. ಅಂಥವರನ್ನು ಗಣನೆಗೆ ತಂದವರು ಶಿವರಾಮ ಕಾರಂತರು. 1936ರಲ್ಲಿ ಬಂದ ಅವರ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಎಲ್ಲಿ ಬೇಕಾದರೂ ತೆರೆದು, ಎಲ್ಲಿ ಬೇಕಾದರೂ ಮುಚ್ಚಬಹುದಾಗಿತ್ತು.

ಕಂತಿನ ರುಚಿಯನ್ನು ಕನ್ನಡದ ಮನೆಮನೆಗೆ ತಂದದ್ದು 'ಚಂದಮಾಮ'. 1947ರ ಜುಲೈಯಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಹೊರಟ ಆ ಮಾಸಪತ್ರಿಕೆಯು ಒಂದೆರಡು ವರ್ಷಗಳಲ್ಲಿಯೇ ಕನ್ನಡದಲ್ಲಿಯೂ ಬಂದಿತು. ಬಿಡಿ ಕಥೆಗಳ ನಡುವೆ ಧಾರಾವಾಹಿಯೊಂದು ಇದ್ದೇ ಇರುತ್ತಿತ್ತು. ತಿಂಗಳ ಕೊನೆಯಲ್ಲಿ ಅಂಚೆಯವನ ದಾರಿ ಕಾದವರಿಗೆ ಅದರ ಅರ್ಥ ಗೊತ್ತು. ಅಣ್ಣ ಮೊದಲು ಓದಬೇಕೋ ತಂಗಿ ಮೊದಲು ಓದಬೇಕೋ ಎಂಬ ಜಗಳದಲ್ಲಿ ಎಷ್ಟು ಸಂಚಿಕೆಗಳು ಹರಿದವೋ! ಆ ಪತ್ರಿಕೆ ಈಗಿಲ್ಲ. 2010ರ ದಶಕದಲ್ಲಿ ನಿಂತುಹೋಯಿತು.

ಆಮೇಲೆ ಏನೂ ಬರಲಿಲ್ಲವೆಂದರೆ ತಪ್ಪಾದೀತು. ಅನುಪಮಾ ನಿರಂಜನರು 'ದಿನಕ್ಕೊಂದು ಕಥೆ'ಯನ್ನು ತಿಂಗಳಿಗೊಂದರಂತೆ 12 ಸಂಪುಟಗಳಲ್ಲಿ ಕೊಟ್ಟರು. 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 'ಭಾರತ ಭಾರತಿ'ಯ ಕಿರುಹೊತ್ತಗೆಗಳು ಹಳ್ಳಿಯ ಶಾಲೆಗಳನ್ನೂ ಮುಟ್ಟಿದವು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್, ಓದಿನ ಮಟ್ಟವನ್ನು ಪುಸ್ತಕದ ಮೇಲೆಯೇ ಸೂಚಿಸಿ ಕಡಮೆ ಬೆಲೆಗೆ ಚಿತ್ರಕಥೆಗಳನ್ನು ಕೊಟ್ಟಿತು. ಆದರೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಹಾಡಿನಲ್ಲಿ ನಾವು ಸಿರಿವಂತರು, ಬಿಡಿ ಕಥೆಯಲ್ಲಿಯೂ ಬಡವರಲ್ಲ. ಎಂಟು ವರ್ಷದ ಮಗುವು ಹತ್ತು ದಿನ ಬೆನ್ನು ಬಿಡದೆ ಓದುವಂಥ, ಅಧ್ಯಾಯಗಳುಳ್ಳ ಒಂದೇ ಕಥೆಯನ್ನು ಕೇಳಿದರೆ ಮಾತ್ರ ಅಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ. ಬಹುಮಾನ ಪಡೆದ ಮಕ್ಕಳ ಕಾದಂಬರಿಗಳಿವೆ, ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆಯಿತು. ಆದರೆ ಅವು ಹೆಚ್ಚಾಗಿ ಇನ್ನೆರಡು ವರ್ಷ ದೊಡ್ಡವರಾದ ಓದುಗರಿಗೆ ಹೊಂದುತ್ತವೆ.

ಹೀಗಿರುವಾಗ ಆರಿಸುವುದು ಹೇಗೆ? ಅಂಗಡಿಯಲ್ಲಿ ಮುಖಪುಟವನ್ನು ಬಿಟ್ಟು ನಡುವಿನ ಒಂದು ಪುಟವನ್ನು ತೆರೆಯಿರಿ. ಸಂಜೆಯ ದೀಪ ಹಚ್ಚಿ ಊಟಕ್ಕೆ ಕೂರುವುದರೊಳಗೆ ಮುಗಿಯುವಷ್ಟು ಅಧ್ಯಾಯವೇ ನೋಡಿ. ಪಾತ್ರಗಳು ಪರಸ್ಪರ ಮಾತಾಡುತ್ತವೆಯೋ, ಅಥವಾ ಲೇಖಕರೊಬ್ಬರೇ ಭಾಷಣ ಮಾಡುತ್ತಿದ್ದಾರೆಯೋ ಪರೀಕ್ಷಿಸಿ. ಒಂದು ವಾಕ್ಯವನ್ನು ನೀವೇ ಗಟ್ಟಿಯಾಗಿ ಓದಿ; ನಿಮಗೇ ಉಸಿರು ಸಾಲದಿದ್ದರೆ ಮಗುವಿಗೆಲ್ಲಿಂದ ಬರಬೇಕು? 1981ರಲ್ಲಿ ಜಪಾನಿನಲ್ಲಿ ಪ್ರಕಟವಾದ ತೆತ್ಸುಕೊ ಕುರೊಯಾನಗಿಯವರ 'ತೊತ್ತೊಚಾನ್' ಕನ್ನಡಕ್ಕೂ ಬಂದಿದೆ. ರೈಲು ಡಬ್ಬಿಗಳನ್ನೇ ತರಗತಿಯಾಗಿ ಮಾಡಿಕೊಂಡ ಶಾಲೆಯ ಆ ಕಥೆಯಲ್ಲಿ ಎಷ್ಟೋ ಅಧ್ಯಾಯಗಳು ಎರಡು ಮೂರು ಪುಟಕ್ಕೆ ಮುಗಿಯುತ್ತವೆ. ಅಳತೆಗೋಲು ಬೇಕೆಂದರೆ ಅದನ್ನು ಇಟ್ಟುಕೊಳ್ಳಿ.

ಮಗು ಓದಿದ್ದನ್ನೇ ಮತ್ತೆ ಓದಿದರೆ, ತನಗಿಂತ ಚಿಕ್ಕವರ ಪುಸ್ತಕ ಹಿಡಿದರೆ ತಡೆಯಬೇಡಿ. ಪುಸ್ತಕದ ಮೇಲಣ ಮಟ್ಟದ ಅಂಕಿಯು ಶಾಲೆಯವರಿಗೆ ಉಪಯುಕ್ತ, ಮನೆಯಲ್ಲಿ ಅದಕ್ಕೆ ಅಧಿಕಾರವಿಲ್ಲ. ಓದಿ ಮುಗಿಸಿದೊಡನೆ ಈ ಕಥೆಯ ನೀತಿ ಏನೆಂದು ಕೇಳುವ ಚಾಳಿಯನ್ನು ದಯವಿಟ್ಟು ಬಿಡಿ. ಊಟ ಮಾಡಿ ಎದ್ದವರನ್ನು ಯಾರೂ ಅನ್ನದ ಗುಣವೇನೆಂದು ಕೇಳುವುದಿಲ್ಲ.

ಇನ್ನು ಗೂಡಿನಲ್ಲಿ ಕುಳಿತ ಆ ಮಹಾಭಾರತ. ಅದನ್ನು ಯಾರಿಗೂ ಕೊಟ್ಟುಬಿಡಬೇಡಿ. ಒಂದು ಸಂಜೆ ಕೆಳಗಿಳಿಸಿ, ಮೊದಲಿನಿಂದ ಹೊರಡದೆ ಬಕಾಸುರನ ಭಾಗವನ್ನು ಹುಡುಕಿ, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ನೀವೇ ಓದಿ. ಭೀಮನು ಗಾಡಿಯ ಅನ್ನವನ್ನೆಲ್ಲ ತಾನೇ ಉಣ್ಣತೊಡಗಿದಲ್ಲಿ, ಬಕನು ದೂರದಿಂದ ಅದನ್ನು ಕಂಡಲ್ಲಿ, ಒಲೆಯ ಮೇಲೆ ಹಾಲಿದೆಯೆಂದು ಹೇಳಿ ಎದ್ದು ಒಳಗೆ ಹೋಗಿ. ಪುಸ್ತಕವನ್ನು ಮಾತ್ರ ತೆರೆದಂತೆಯೇ ಅಲ್ಲಿ ಬಿಟ್ಟಿರಿ.